ಜೀಪಿನ ಎಣ್ಣೆ ಬದಲಿಸಿದ ಭಾನುವಾರ

ಆ ಜೀಪನ್ನು ನಾನು ಯಾವತ್ತೂ ಪ್ರೀತಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗಾಡಿಗಳ ಬಗ್ಗೆ ಬರೆಯುವವರೆಲ್ಲ ಅವನ್ನು ಮನೆಮಗನ ಹಾಗೆ ಹೊಗಳುತ್ತಾರೆ. ನಮ್ಮದು ಮನೆಮಗನಲ್ಲ, ಬಂದು ಕೂತು ಏಳಲೊಲ್ಲದ ನೆಂಟ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ರಾಶಿಯಿಂದ ಅಣ್ಣ ಅದನ್ನು ಆರಿಸಿ ತಂದಿದ್ದ. ಸ್ಟೀಯರಿಂಗ್ ಎಡಗಡೆ, ಬಾಗಿಲು ಇಲ್ಲ, ಮೇಲಿನ ಹೊದಿಕೆಗೆ ಅತ್ತಿಗೆ ಹಾಕಿದ ಹೊಲಿಗೆಗಳೇ ಹೊದಿಕೆಗಿಂತ ಜಾಸ್ತಿ. ಅದನ್ನು ಓಡಿಸುವುದು, ಒರೆಸುವುದು, ಕೆಟ್ಟರೆ ಅದರಡಿ ಮಲಗುವುದು, ಎಲ್ಲವೂ ನನ್ನ ಪಾಲಿಗೆ ಬಂದಿತ್ತು.

ಅಣ್ಣನದು ಸಯನ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲು. ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ದೋಸೆ ಕಲ್ಲಿನ ಮುಂದೆ ಹತ್ತು ವರ್ಷ ನಿಂತು, ಕೊನೆಗೆ ಸ್ವಂತದ್ದೊಂದು ಮಾಡಿಕೊಂಡಿದ್ದ. ಹೋಟೆಲಿನ ಹಿಂದಿನ ಬಿಲ್ಡಿಂಗಿನ ಕೆಳಗಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ: ಅಣ್ಣ, ಅತ್ತಿಗೆ, ನಾನು. ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಕರೆತಂದು ಸಾಕಿದವನು. ಅವನ ಅನ್ನ ತಿಂದು ಬೆಳೆದವನಿಗೆ ಅವನ ಎದುರು ಸುಸ್ತಾಗಿದೆ ಎನ್ನಲು ಬಾಯಿ ಬರುವುದಿಲ್ಲ. ಎಂಟು ವರ್ಷ ನನಗೂ ಆ ಮಾತು ಬಾಯಿಗೆ ಬರಲಿಲ್ಲ.

ಆಗ ವಿಕ್ರೋಳಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಅವುಗಳಲ್ಲಿ ಒಂದರ ಕ್ಯಾಂಟೀನಿಗೆ ಬೆಳಗಿನ ಇಡ್ಲಿ ಸಾಂಬಾರು ನಮ್ಮ ಹೋಟೆಲಿನಿಂದ ಹೋಗುತ್ತಿತ್ತು. ನಾಲ್ಕು ಗಂಟೆಗೆ ಏಳಬೇಕು. ಇಡ್ಲಿಯ ಡಬ್ಬಗಳನ್ನೂ ಕುದಿಯುವ ಸಾಂಬಾರಿನ ಹಂಡೆಯನ್ನೂ ಜೀಪಿನ ಹಿಂದೆ ಹೇರಬೇಕು. ಸಯನ್ ಸೇತುವೆ ಹತ್ತಿ ಇಳಿದು, ಕುರ್ಲಾ, ಘಾಟ್ಕೋಪರ್ ದಾಟಿ, ಎತ್ತಿನ ಗಾಡಿಗಳಿಗೂ ಟ್ರಕ್ಕುಗಳಿಗೂ ದಾರಿ ಬಿಟ್ಟುಕೊಡುತ್ತ ವಿಕ್ರೋಳಿ ತಲುಪಬೇಕು. ಖಾಲಿ ಪಾತ್ರೆಗಳ ಜೊತೆ ವಾಪಸು ಬಂದ ಕೂಡಲೇ ಮಾರ್ಕೆಟ್ಟು, ತೆಂಗಿನಕಾಯಿ, ಅಕ್ಕಿ ಮೂಟೆ, ಸೌದೆ. ಮಧ್ಯಾಹ್ನ ಊಟದ ಗಲಾಟೆಯಲ್ಲಿ ಬಡಿಸಲು ಕೈ ಸಾಲದಿದ್ದರೆ ಅಲ್ಲಿಯೂ ನಾನೇ. ಸಂಜೆ ಜೀಪು ಏನಾದರೂ ಹೊಸ ಶಬ್ದ ಮಾಡುತ್ತಿದ್ದರೆ ಅದರ ಚಾಕರಿ. ನನ್ನ ಉಗುರಿನ ಸಂದಿಯಲ್ಲಿ ಒಂದು ಕಡೆ ಗ್ರೀಸು, ಇನ್ನೊಂದು ಕಡೆ ಇಡ್ಲಿ ಹಿಟ್ಟು. ಕನ್ನಡಿ ನೋಡಿಕೊಂಡರೆ ಇಪ್ಪತ್ತಾರಕ್ಕೆ ನಲವತ್ತರ ಮುಖ.

ಕಾರ್ಖಾನೆಯ ಸೈರನ್ನು ನನ್ನ ತಲೆ ಕೆಡಿಸಿತು. ರಾತ್ರಿ ಪಾಳಿ ಮುಗಿಯುವ ಹೊತ್ತಿಗೇ ನಾನು ಅಲ್ಲಿ ಇರುತ್ತಿದ್ದೆ. ಸೈರನ್ ಕೂಗಿದ ಕೂಡಲೇ ಜನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಕೈ ತೊಳೆದು, ಹೊರಗೆ ಬಂದುಬಿಡುತ್ತಿದ್ದರು. ಕೆಲಸ ಅರ್ಧಕ್ಕೆ ನಿಂತರೆ ನಿಂತಿತು. ಇನ್ನೊಬ್ಬ ಬಂದು ಮಾಡುತ್ತಾನೆ. ಹಾಗೆ ಮುಗಿಯುವ ದಿನವೊಂದು ಲೋಕದಲ್ಲಿ ಇದೆ ಎನ್ನುವುದೇ ನನಗೆ ಹೊಸದು. ಒಂದು ದಿನ ಗೇಟಿನ ಬಳಿ ಜೀಪು ನಿಂತುಹೋಗಿ ನಾನೇ ಬಿಚ್ಚಿ ಸರಿ ಮಾಡುವುದನ್ನು ಅಲ್ಲಿನ ವಾಹನ ವಿಭಾಗದ ಸೂಪರ್‌ವೈಸರ್ ನಿಂತು ನೋಡಿದ. ಎರಡು ತಿಂಗಳಲ್ಲಿ ನನಗೆ ಕಾಗದ ಬಂತು. ಒಂದನೇ ತಾರೀಕಿಗೆ ಬಂದು ಸೇರಬೇಕು. ಎಂಟು ಗಂಟೆ ಕೆಲಸ, ಭಾನುವಾರ ರಜೆ. ಭಾನುವಾರ ರಜೆ ಎಂಬ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಅಣ್ಣನಿಗೆ ಹೇಳಿದೆ. ಅವನು ಕಾಗದವನ್ನು ಮುಟ್ಟಲಿಲ್ಲ. ದೋಸೆ ಕಲ್ಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಇನ್ನೆರಡು ದೋಸೆ ಹೊಯ್ದ ಮೇಲೆ ಬಾಯಿ ಬಿಟ್ಟ.

"ಹೋಗ್ಲಿಕ್ಕೆ ಮನಸ್ಸಾದ್ರೆ ಹೋಗು ಮಾರಾಯ. ನಾನು ಕಟ್ಟಿ ಹಾಕುದಿಲ್ಲ. ಆದ್ರೆ ಆ ಜೀಪನ್ನು ಗೊತ್ತಿಲ್ಲದ ಡ್ರೈವರನ ಕೈಗೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನಂಗೆ ಎಲ್ಲ ಕಲಿಸು. ನಂಗೆ ಬಂತು ಅಂತ ಆದ ದಿನ ನೀನು ಹೋಗು."

"ಬರದಿದ್ರೆ?"

"ಬರದಿದ್ರೆ ಎಂತ ಮಾಡುದು? ಬರುವವರೆಗೆ ನೀನು ಇರ್ಬೇಕಷ್ಟೆ."

ಹೀಗೆ ನನ್ನ ಬಿಡುಗಡೆ ಅಣ್ಣನ ಕಲಿಕೆಗೆ ಗಂಟುಬಿತ್ತು. ಒಂದನೇ ತಾರೀಕಿಗೆ ಮೂರು ವಾರ ಉಳಿದಿತ್ತು.

ಅಣ್ಣನಿಗೆ ಗಾಡಿ ಓಡಿಸುವುದು ತಕ್ಕಮಟ್ಟಿಗೆ ಗೊತ್ತಿತ್ತು. ಓಡಿಸುವುದಲ್ಲ ಕಷ್ಟ, ಕಲಿಸುವುದು. ಹಿಟ್ಟಿನ ಹದ ನೋಡಿ ಬೆಳೆದವನು ಅವನು. ಬೆರಳು ಅದ್ದಿ, ಮೂಸಿ, ತೀರ್ಮಾನ ಮಾಡುವವನು. ರೇಡಿಯೇಟರಿಗೆ ಇಷ್ಟು ನೀರು, ಗಾಲಿಗೆ ಇಷ್ಟು ಗಾಳಿ ಎಂದರೆ "ಯಾಕೆ?" ಎಂದು ಕೇಳುತ್ತಾನೆ. ಕಾರಣ ಹೇಳಿದರೆ ಅದಕ್ಕೊಂದು ಎದುರು ಕಾರಣ ಕೊಡುತ್ತಾನೆ. ಹತ್ತು ದಿನ ದಿನಾ ಇದೇ. ನನ್ನ ಗಂಟಲು ಒಣಗಿಹೋಯಿತು. ಒಂದು ದಿನ ಸಿಟ್ಟು ಬಂದು ಪಾನಾವನ್ನು ನೆಲಕ್ಕೆ ಕುಕ್ಕಿ, "ನೀನು ದೋಸೆ ಹೊಯ್ಯುವಾಗ ನಾನು ಯಾಕೆ ಯಾಕೆ ಅಂತ ಕೇಳಿದ್ದೇನಾ?" ಎಂದೆ. "ಕೇಳ್ಬೇಕಿತ್ತು, ಕೇಳಿದ್ರೆ ನಿಂಗೂ ಬರ್ತಿತ್ತು" ಎಂದ. ಅತ್ತಿಗೆ ಒಳಗಿನಿಂದ ನಕ್ಕರು.

ಕೊನೆಗೆ ಉಳಿದದ್ದು ಮುಂದಿನ ಡಿಫರೆನ್ಶಿಯಲ್ಲಿನ ಎಣ್ಣೆ. ಗಾಡಿಯ ಹೊಟ್ಟೆಯ ಕೆಳಗೆ, ಎರಡು ಗಾಲಿಗಳ ನಡುವೆ, ಸಣ್ಣ ಕುಂಬಳಕಾಯಿಯಷ್ಟು ದೊಡ್ಡ ಕಬ್ಬಿಣದ ಗುಂಡು ಇರುತ್ತದೆ. ಎಂಜಿನ್ನಿನ ತಿರುಗುವಿಕೆಯನ್ನು ಗಾಲಿಗಳಿಗೆ ಹಂಚುವ ಹಲ್ಲಿನ ಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಊರಿನ ಕಾರುಗಳಿಗೆ ಇದು ಹಿಂದೆ ಮಾತ್ರ. ನಾಲ್ಕೂ ಗಾಲಿ ಎಳೆಯುವ ಮಿಲಿಟರಿ ಜೀಪಿಗೆ ಮುಂದೆಯೂ ಒಂದು. ಹಿಂದಿನದರ ಎಣ್ಣೆಯನ್ನು ಎಲ್ಲರೂ ಬದಲಿಸುತ್ತಾರೆ, ಮುಂದಿನದು ಯಾರಿಗೂ ನೆನಪಾಗುವುದಿಲ್ಲ. ನನಗೂ ಎರಡು ವರ್ಷದಿಂದ ನೆನಪಾಗಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಭಾನುವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಶುರುಮಾಡಿದೆವು. ಎಣ್ಣೆ ಬೆಚ್ಚಗಿದ್ದರೆ ಬೇಗ ಇಳಿಯುತ್ತದೆಂದು ಅಣ್ಣನೇ ಜೀಪನ್ನು ಮಾಟುಂಗಾದವರೆಗೆ ಒಂದು ಸುತ್ತು ಓಡಿಸಿ ತಂದು ಕಂಪೌಂಡಿನ ಸಮ ನೆಲದಲ್ಲಿ ನಿಲ್ಲಿಸಿದ. ಇಬ್ಬರೂ ಗೋಣಿ ಹಾಸಿ ಅದರಡಿ ತೂರಿಕೊಂಡೆವು.

"ಎರಡು ಬಾಯಿ ಉಂಟು ನೋಡು," ಎಂದೆ. "ಕೆಳಗಿನದು ಬಿಡ್ಲಿಕ್ಕೆ. ಎದುರುಗಡೆ ನಡುಮಟ್ಟದಲ್ಲಿ ಇರುವುದು ಹಾಕ್ಲಿಕ್ಕೆ. ಮೊದಲು ಹಾಕುವ ಬಾಯಿ ಬಿಚ್ಚಬೇಕು, ಆಮೇಲೆ ಬಿಡುವ ಬಾಯಿ."

"ಯಾಕೆ?"

"ಇದ್ದ ಎಣ್ಣೆ ಎಲ್ಲ ಬಿಟ್ಟಾದ ಮೇಲೆ ಹಾಕುವ ಬಾಯಿ ತುಕ್ಕು ಹಿಡಿದು ಬಿಚ್ಚಲಿಕ್ಕೇ ಬರದಿದ್ರೆ? ನಾಳೆ ಇಡ್ಲಿಯನ್ನು ತಲೆ ಮೇಲೆ ಹೊತ್ತುಕೊಂಡು ಹೋಗ್ತೀಯಾ?"

ಅದು ಅವನಿಗೆ ಹಿಡಿಸಿತು. ಹೌದೆಂದು ತಲೆಯಾಡಿಸಿದ. ಹಾಕುವ ಬಾಯಿಯ ಪ್ಲಗ್ಗು ನಿಜಕ್ಕೂ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಕಾದು, ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ, ಇಬ್ಬರೂ ಎಳೆದು ಬಿಚ್ಚುವಷ್ಟರಲ್ಲಿ ಗಂಟೆ ಕಳೆಯಿತು. ಕೆಳಗಿನದನ್ನು ತಿರುಗಿಸಿದಾಗ ಹಳೆಯ ಎಣ್ಣೆ ಕರಿ ಬೆಲ್ಲದ ಪಾಕದ ಹಾಗೆ ಇಳಿಯಿತು. ಕೊಳೆತ ಬೆಳ್ಳುಳ್ಳಿಯ ನಾತ.

"ಅಬ್ಬಬ್ಬಾ! ಈ ನಾತಕ್ಕೆ ನನ್ನ ಗಿರಾಕಿಗಳು ಬಾಂದ್ರಾಕ್ಕೆ ಓಡಿ ಹೋಗ್ತಾರೆ," ಎಂದ ಅಣ್ಣ.

ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದು ಎಣ್ಣೆ ಹಿಡಿಯಲು ಇಟ್ಟಿದ್ದ ಬೋಗುಣಿಯನ್ನು ನೋಡಿದರು. "ಅಯ್ಯೋ ದೇವ್ರೆ, ಅದು ನನ್ನ ಹಿಟ್ಟಿನ ಬೋಗುಣಿ! ನಿನ್ನ ಅಣ್ಣನಿಗೆ ಬುದ್ಧಿ ಇಲ್ಲ, ಸರಿ. ನಿಂಗೂ ಇಲ್ವಾ?" ಬೈದರೂ ಹೊಸ ಎಣ್ಣೆಯ ಟಿನ್ನನ್ನು ಬಿಸಿನೀರಿನ ಹಂಡೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ ತಂದುಕೊಟ್ಟರು. ಇಲ್ಲದಿದ್ದರೆ ಆ ಎಣ್ಣೆ ಕೊಳವೆಯಲ್ಲಿ ಇಳಿಯುವುದೇ ಇಲ್ಲ.

ಇಲ್ಲಿ ಅಣ್ಣನ ಹೋಟೆಲಿನ ಒಂದು ಕಟ್ಟಳೆ ಹೇಳಬೇಕು. ಗಿರಾಕಿಯ ಮುಂದೆ ಇಡುವ ಯಾವ ಪಾತ್ರೆಯೂ ತುಂಬದೆ ಕೊರೆ ಇರಬಾರದು. ಕಾಫಿ ಲೋಟದ ಅಂಚು ಮೀರಿ ಬಟ್ಟಲಿಗೆ ನಾಲ್ಕು ಹನಿ ಇಳಿದಿರಬೇಕು. ಸಾಂಬಾರಿನ ಬಟ್ಟಲು ಎತ್ತಿದರೆ ಚೆಲ್ಲುವಷ್ಟು ತುಂಬಿರಬೇಕು. ದೇವರ ದೀಪಕ್ಕೂ ಅಷ್ಟೇ, ಎಣ್ಣೆ ಹಣತೆಯ ಅಂಚಿಗೆ ಬರಬೇಕು. ಊರಿನ ಮದುವೆಮನೆಗಳಲ್ಲಿ ಬಡಿಸಲು ಕಲಿತ ಕೈ ಅದು. ಅರ್ಧ ತುಂಬಿದ ಪಾತ್ರೆ ಕಂಡರೆ ಅವನಿಗೆ ಯಾರಿಗೋ ಅವಮಾನ ಮಾಡಿದ ಹಾಗೆ ಆಗುತ್ತಿತ್ತು. ಲೋಟ ಕೊರೆ ಇಟ್ಟ ಒಬ್ಬ ಸಪ್ಲೈಯರನನ್ನು ಗಿರಾಕಿಗಳ ಎದುರಿಗೇ ಹಿಂದಕ್ಕೆ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಕೆಳಗಿನ ಬಾಯಿ ಮುಚ್ಚಿದ ಮೇಲೆ ಟಿನ್ನನ್ನು ಬಾನೆಟ್ಟಿನ ಮೇಲೆ ಇಟ್ಟು, ಲಾಳಿಕೆಗೆ ರಬ್ಬರು ಕೊಳವೆ ಸಿಕ್ಕಿಸಿ, ನಾನು ಮೇಲಿನಿಂದ ಹೊಯ್ದೆ. ಅಣ್ಣ ಕೆಳಗೆ ಮಲಗಿ ಕೊಳವೆಯ ತುದಿಯನ್ನು ಹಾಕುವ ಬಾಯಿಗೆ ಹಿಡಿದ. ಒಂದು ಹೊತ್ತಿಗೆ ಎಣ್ಣೆ ಬಾಯಿಯಿಂದ ಹೊರಗೆ ಜಿನುಗಿತು.

"ಸಾಕು," ಎಂದೆ. "ಅಷ್ಟೇ ಅಳತೆ. ಮುಚ್ಚಿ ಬಿಗಿ ಮಾಡು."

ಅಣ್ಣ ಬಾಯಿಯೊಳಗೆ ಬೆರಳು ತೂರಿಸಿ ಮೇಲಕ್ಕೆ ತಡವಿದ. "ಮೇಲೆ ಖಾಲಿ ಉಂಟಲ್ಲ ಮಾರಾಯ. ಅರ್ಧ ಹೊಟ್ಟೆ ಆದದ್ದು ಇದಕ್ಕೆ."

"ಅರ್ಧ ಹೊಟ್ಟೆಯೇ ಬೇಕಾದ್ದು. ಎಣ್ಣೆ ಬಿಸಿಯಾದ್ರೆ ಉಬ್ಬುತ್ತದೆ. ಹೆಚ್ಚಾದ್ರೆ ಎಣ್ಣೆ ತಡೆಯುವ ಸೀಲ್ ದಾಟಿ ಗಾಲಿಯ ಕಡೆಗೆ ಹರಿಯುತ್ತದೆ. ನಮ್ಮ ಸೀಲುಗಳು ಮೊದಲೇ ಮುದಿ."

"ಟಿನ್ನಿನಲ್ಲಿ ಇನ್ನೂ ಉಂಟಲ್ಲ?"

"ಇರಲಿ. ಮುಚ್ಚು."

"ಸರಿ ಸರಿ," ಎಂದ. ನಾನು ಕೈ ತೊಳೆಯಲು ಒಳಗಿನ ನಲ್ಲಿಗೆ ಹೋದೆ. ಆ ಎಣ್ಣೆಯ ಜಿಡ್ಡು ಸೋಪಿಗೆ ಬಗ್ಗುವುದಿಲ್ಲ. ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ತೊಳೆದು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಜೀಪಿನ ಹಿಂದಿನ ಗಾಲಿಯ ಹತ್ತಿರ ಬರುವಷ್ಟರಲ್ಲಿ ಕಂಡಿತು. ಅಣ್ಣ ಮುಂಭಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿದ್ದ. ಗಾಡಿಯ ಮೂತಿ ಮೇಲಾಗಿ, ಎದುರುಗಡೆ ಇದ್ದ ಆ ಬಾಯಿಯೂ ಮೇಲಾಗಿತ್ತು. ಕೆಳಗೆ ಮಲಗಿ ಕೊಳವೆಯನ್ನು ಆ ಬಾಯಿಯೊಳಗೆ ತೂರಿಸಿ, ಒಂದು ಕೈಯಲ್ಲಿ ಲಾಳಿಕೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟಿನ್ನಿನಲ್ಲಿ ಉಳಿದದ್ದನ್ನು ಬಸಿದುಕೊಂಡ ಸಣ್ಣ ತಂಬಿಗೆಯಿಂದ ಅಷ್ಟಷ್ಟೇ ಹೊಯ್ಯುತ್ತಿದ್ದ.

ನನಗೆ ಆ ಕ್ಷಣವೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವನು ಯಾಕೆ ಎನ್ನುತ್ತಾನೆ. ಜ್ಯಾಕ್ ಇಳಿಸಬೇಕು, ಪ್ಲಗ್ಗು ಮತ್ತೆ ಬಿಚ್ಚಬೇಕು, ಹೆಚ್ಚಾದದ್ದನ್ನು ಬಿಡಬೇಕು, ಮತ್ತೆ ಆ ಗೋಣಿಯ ಮೇಲೆ ಮಲಗಬೇಕು. ನನ್ನ ಬೆನ್ನು ಒಪ್ಪಲಿಲ್ಲ. ಇದು ಅರ್ಧ ಸತ್ಯ. ಉಳಿದರ್ಧ ಇನ್ನೂ ಕೆಟ್ಟದ್ದು. ಅವನು ತಪ್ಪಿದ ಎಂದು ನಾನು ಹೇಳಿದರೆ ಅವನಿಗೆ ಇನ್ನೂ ಬಂದಿಲ್ಲ ಎಂದಾಗುತ್ತಿತ್ತು. ಬಂದಿಲ್ಲವಾದರೆ ನಾನು ಹೋಗುವ ಹಾಗಿಲ್ಲ. ಒಂದು ನಿಮಿಷವೋ ಎರಡು ನಿಮಿಷವೋ ಅಲ್ಲೇ ನಿಂತೆ. ಆಮೇಲೆ ಸದ್ದಿಲ್ಲದೆ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡೆ.

ಸಂಜೆ ಅಣ್ಣ ಬಂದು, "ಎಲ್ಲ ಆಯ್ತು. ಎರಡೂ ಪ್ಲಗ್ಗು ಬಿಗಿ ಮಾಡಿದ್ದೇನೆ," ಎಂದ. ಮುಖದ ತುಂಬ ಮಸಿ, ಹಲ್ಲು ಮಾತ್ರ ಬಿಳಿ. ಮೊದಲ ದೋಸೆ ಹರಿಯದೆ ಎದ್ದು ಬಂದ ದಿನ ಹೀಗೇ ನಕ್ಕಿದ್ದನೇನೋ.

"ಬಂತು ನಿಂಗೆ," ಎಂದೆ.

ಮರುದಿನದಿಂದ ವಿಕ್ರೋಳಿಗೆ ಅವನೇ ಓಡಿಸಿದ. ಮೂರು ದಿನ ನಾನು ಪಕ್ಕದಲ್ಲಿ ಕೂತೆ. ಬುಧವಾರ ಬ್ರೇಕ್ ಒತ್ತಿದಾಗ ಜೀಪು ಒಂದಿಷ್ಟು ಬಲಕ್ಕೆ ಎಳೆದ ಹಾಗೆ ಅನಿಸಿತು. ಅಣ್ಣನ ಕೈ ಇನ್ನೂ ಕುದುರಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾರ ಬೆಳಿಗ್ಗೆ ನಾನು ಏಳಲು ಹೊರಟಾಗ ಅಣ್ಣ ಹೊದಿಕೆಯನ್ನು ಮತ್ತೆ ನನ್ನ ಮೇಲೆ ಎಳೆದ. "ಮಲಗು. ಇವತ್ತು ನಾನೊಬ್ಬನೇ ಹೋಗಿ ಬರ್ತೇನೆ. ಇನ್ನು ಮುಂದೆ ನೀನು ಇರುದಿಲ್ಲ ಅಂತ ನಂಗೂ ಅಭ್ಯಾಸ ಆಗ್ಲಿ."

ಮಲಗಿದೆ. ಎಂಟು ವರ್ಷದಲ್ಲಿ ಮೊದಲ ಸಲ ಕಿಟಕಿಯಲ್ಲಿ ಬೆಳಕು ಬರುವವರೆಗೆ ಮಲಗಿದೆ. ಎಂಥಾ ನಿದ್ದೆ ಅದು! ಆ ನಿದ್ದೆಯ ಸುಖ ಇಂದಿಗೂ ಮೈಯಲ್ಲಿ ನೆನಪಿದೆ, ಅದಕ್ಕಾಗಿ ನನ್ನ ಮೇಲೆ ನನಗೆ ಹೇಸಿಗೆ.

ಅತ್ತಿಗೆ ಎಬ್ಬಿಸಿದರು. ಎಬ್ಬಿಸಿದ್ದಲ್ಲ, ಭುಜ ಹಿಡಿದು ಅಲುಗಾಡಿಸಿದರು. "ಏಳು, ಏಳು ಮಾರಾಯ. ಅವರು ಬಿದ್ದಿದ್ದಾರಂತೆ. ಸೇತುವೆ ಹತ್ರ." ನಾನು ಬನಿಯನ್ನಿನಲ್ಲೇ ಓಡಿದೆ.

ಸಯನ್ ಸೇತುವೆ ಇಳಿಯುವಾಗ ಎದುರಿಗೆ ಟ್ರಕ್ಕು ಬಂದಿತ್ತು. ಅಣ್ಣ ಬ್ರೇಕ್ ಒತ್ತಿದ್ದಾನೆ. ಜೀಪು ನಿಲ್ಲುವ ಬದಲು ಬಲಕ್ಕೆ, ಟ್ರಕ್ಕಿನ ಕಡೆಗೇ ತಿರುಗಿದೆ. ಅವನು ಬಲವಾಗಿ ಎಡಕ್ಕೆ ಎಳೆದು ಕಲ್ಲಿನ ಕಟ್ಟೆಗೆ ಕೊಟ್ಟಿದ್ದಾನೆ. ಗುದ್ದಿದ ಪೆಟ್ಟು ದೊಡ್ಡದಲ್ಲ. ಆದರೆ ಹಿಂದೆ ಇದ್ದ ಸಾಂಬಾರಿನ ಹಂಡೆ ಮುಂದಕ್ಕೆ ಮಗುಚಿ, ಕುದಿಯುವ ಸಾಂಬಾರೆಲ್ಲ ಅವನ ಬಲ ಭುಜದಿಂದ ಬೆರಳಿನ ತುದಿಯವರೆಗೆ ಇಳಿದಿತ್ತು. ನಾನು ಹೋದಾಗ ಕಟ್ಟೆಯ ಮೇಲೆ ಕೂತಿದ್ದ. ತೋಳಿಗೆ ಬೇಳೆ ಅಂಟಿಕೊಂಡಿತ್ತು. ಅದನ್ನು ತೆಗೆಯಲು ಹೋದ ನನ್ನ ಕೈಗೆ ಬೇಳೆಯ ಜೊತೆ ಚರ್ಮವೂ ಬಂತು. "ಕ್ಯಾಂಟೀನಿನವರಿಗೆ ಯಾರಾದ್ರೂ ಹೇಳಿ ಕಳಿಸಿ," ಎನ್ನುತ್ತಿದ್ದ.

ಇಪ್ಪತ್ತೆರಡು ದಿನ ಆಸ್ಪತ್ರೆ. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಮೊಣಕೈ ಪೂರ್ತಿ ಚಾಚಲು ಬರದ ಹಾಗಾಯಿತು. ಬೆರಳುಗಳು ಅರ್ಧಕ್ಕೆ ಮಡಿಸಿಕೊಂಡು ನಿಂತವು. ದೋಸೆ ಕಲ್ಲಿನ ಮುಂದೆ ಆ ಕೈ ಮತ್ತೆ ನಿಲ್ಲಲಿಲ್ಲ.

ಜೀಪನ್ನು ಎಳೆಸಿಕೊಂಡು ಹೋದ ಗ್ಯಾರೇಜಿನ ಸರ್ದಾರ್ಜಿ ಮುಂದಿನ ಎಡ ಗಾಲಿ ಬಿಚ್ಚಿದ. ಬ್ರೇಕಿನ ಮೇಲೆಲ್ಲ ಆ ಬೆಳ್ಳುಳ್ಳಿ ನಾತದ ಎಣ್ಣೆ ಹರಿದಿತ್ತು. ಎಡ ಗಾಲಿಯ ಬ್ರೇಕ್ ಜಾರಿ ಬಲದ್ದು ಮಾತ್ರ ಹಿಡಿದದ್ದರಿಂದಲೇ ಗಾಡಿ ಬಲಕ್ಕೆ ತಿರುಗಿತ್ತು. ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಆ ಸರ್ದಾರ್ಜಿಯೇ ಹೋಟೆಲಿಗೆ ಬಂದು, ಕಾಫಿ ಕುಡಿಯುತ್ತ, ನನ್ನನ್ನೇ ದುರುಗುಟ್ಟಿ ನೋಡಿ ಕೇಳಿದ. "ಇತನಾ ತೇಲ್ ಕಿಸನೇ ಭರಾ ಥಾ? ಪೂರಾ ಬ್ರೇಕ್ ಕೋ ನಹಲಾ ದಿಯಾ!" ಇಷ್ಟು ಎಣ್ಣೆ ತುಂಬಿದವನು ಯಾರು, ಬ್ರೇಕಿಗೆ ಸ್ನಾನ ಮಾಡಿಸಿಟ್ಟಿದ್ದಾನೆ ಎಂದು.

"ಮೈನೇ," ನಾನೇ, ಎಂದ ಅಣ್ಣ. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಹರಕು ಹಿಂದಿಯಲ್ಲಿ ಅವನಿಗೆ ವಿವರಿಸಿದ. ತಮ್ಮ ಸರಿಯಾಗಿಯೇ ಹೇಳಿಕೊಟ್ಟಿದ್ದ, ಅವನು ಕೈ ತೊಳೆಯಲು ಒಳಗೆ ಹೋಗಿದ್ದಾಗ ನಾನೇ ಜಾಣತನ ಮಾಡಿದೆ, ಅವನಿಗೆ ಇದು ಗೊತ್ತೇ ಇಲ್ಲ ಎಂದು. ನಾನು ಸರ್ದಾರ್ಜಿಯ ಲೋಟ ಎತ್ತಿಕೊಂಡು ಒಳಗೆ ಹೋದೆ.

ಒಂದನೇ ತಾರೀಕು ಅಣ್ಣ ಆಸ್ಪತ್ರೆಯಲ್ಲಿ ಇರುವಾಗಲೇ ಬಂದು ಹೋಗಿತ್ತು. ಅದರ ಹಿಂದಿನ ದಿನ ಅವನು ನನ್ನನ್ನು ಹಾಸಿಗೆಯ ಹತ್ತಿರ ಕರೆದು, "ನಾಳೆ ಹೋಗಿ ಸೇರು. ಜೀಪು ಮಾರಿಬಿಡುವ. ಕ್ಯಾಂಟೀನು ಹೋದ್ರೆ ಹೋಯ್ತು," ಎಂದಿದ್ದ. ನಾನು ಹೋಗಲಿಲ್ಲ. ಕಾಗದವನ್ನು ಎಲ್ಲಿಟ್ಟೆನೋ ಹುಡುಕಲೂ ಇಲ್ಲ. ಜೀಪು ರಿಪೇರಿಯಾಗಿ ಬಂತು. ನಾಲ್ಕು ಗಂಟೆಗೆ ಏಳುವುದು ಮತ್ತೆ ಶುರುವಾಯಿತು. ಸಯನ್ನಿನ ನಮ್ಮವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎಂಥಾ ಕೆಲಸ ಬಿಟ್ಟ ನೋಡಿ, ಲಕ್ಷ್ಮಣನಂಥ ತಮ್ಮ ಎಂದು. ಮದುವೆಮನೆಗಳಲ್ಲಿ ಇಂಥ ಮಾತು ಕೇಳಿದರೆ ನನಗೆ ಎಲೆಯ ಮುಂದಿನಿಂದ ಎದ್ದು ಹೋಗಬೇಕು ಅನಿಸುತ್ತಿತ್ತು. ಹೋಗುತ್ತಿರಲಿಲ್ಲ, ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಹೀಗೆ ನಾಲ್ಕು ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಾಗ ಕಾರ್ಖಾನೆಯವರು ತಮ್ಮದೇ ಅಡಿಗೆಮನೆ ಮಾಡಿಕೊಂಡರು. ನಮ್ಮ ಜೀಪು ಗುಜರಿಗೆ ಹೋಯಿತು. ಅದು ಹೋದ ಮಧ್ಯಾಹ್ನ, ಊಟದ ಹೊತ್ತು ಮುಗಿದು ಹೋಟೆಲಿನ ಬಾಗಿಲು ಅರ್ಧ ಎಳೆದಿತ್ತು. ಅಣ್ಣ ಬೆಂಚಿನ ಮೇಲೆ ಅಡ್ಡವಾಗಿದ್ದ. ನಾನು ಎದುರಿನ ಬೆಂಚಿನಲ್ಲಿ. ಇನ್ನು ಅದನ್ನು ಎದೆಯಲ್ಲಿ ಹೊತ್ತುಕೊಂಡು ತಿರುಗಲು ನನ್ನಿಂದ ಆಗಲಿಲ್ಲ.

"ಅಣ್ಣ," ಎಂದೆ. "ಆ ಭಾನುವಾರ ನೀನು ಎರಡನೇ ಸಲ ಎಣ್ಣೆ ಹೊಯ್ಯುವುದನ್ನು ನಾನು ನೋಡಿದ್ದೆ. ನೋಡಿಯೂ ಹೇಳ್ಲಿಲ್ಲ."

ಅವನು ಕಣ್ಣು ಬಿಡಲಿಲ್ಲ.

"ಗೊತ್ತುಂಟು," ಎಂದ.

"ಹೇಗೆ?"

"ಕೆಳಗೆ ಮಲಗಿದವನಿಗೆ ನಿನ್ನ ಕಾಲು ಕಾಣುದಿಲ್ವಾ? ಹಿಂದಿನ ಗಾಲಿ ಹತ್ರ ಬಂದು ನಿಂತೆ. ನಂಗೂ ಆಗ ಅನುಮಾನ ಇತ್ತು, ಹೊಯ್ಯುದು ನಿಲ್ಲಿಸಿದೆ. ತಪ್ಪಾದ್ರೆ ಇವ ಬೈತಾನೆ ಅಂತ ಕಾದೆ. ನೀನು ಎಂತದ್ದೂ ಹೇಳ್ಲಿಲ್ಲ. ಹಾಗಾದ್ರೆ ಸರಿಯೇ ಉಂಟು ಅಂತ ಉಳಿದದ್ದನ್ನೂ ಹೊಯ್ದೆ."